ಪ್ರಮೀಳಾ ಎದ್ದು ನಿಂತು ಹೇಳಿದ್ದು

ಜಗಳೂರಿನ ಆ ಸಣ್ಣ ಚರ್ಚಿನಲ್ಲಿ ಸುವಾರ್ತೆ ಓದಲು ಬೇರೆ ಯಾರು ನಿಂತರೂ ಹೊನ್ನೂರಮ್ಮನಿಗೆ ಸಮಾಧಾನವಿರಲಿಲ್ಲ. ಓದಿದರೆ ತನ್ನ ಸೊಸೆ ಪ್ರಮೀಳಾ ಓದಬೇಕು. ಅವಳ ದನಿ ಹಿಂದಿನ ಬೆಂಚಿನವರೆಗೂ ನಿಚ್ಚಳವಾಗಿ ಕೇಳುತ್ತಿತ್ತು.

ಆದರೆ ಈಚೆಗೆ ಸೊಸೆ ಬಿಳಿಚಿಕೊಂಡಿದ್ದಳು. ಹೊಲಿಗೆ ಮಿಷಿನ್ನಿನ ಮುಂದೆ ಕೂತಲ್ಲೇ ತಲೆ ಹಿಡಿದುಕೊಳ್ಳುವಳು. ಕೊಡ ಎತ್ತಿದರೆ ಏದುಸಿರು. ಕೇಳಿದರೆ, "ಮದುವೆ ಸೀಜನ್ನು ಅತ್ತೆ, ಬ್ಲೌಸು ಬಾಳ ಅದಾವೆ" ಎಂದು ಹಾರಿಸಿಬಿಡುವಳು. ಹೊನ್ನೂರಮ್ಮನೂ ನಂಬಿದ್ದಳು.

ಆ ಭಾನುವಾರ ಬಂದ ಪಾಠ, ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿದ ಹೆಂಗಸಿನದು. ಆಕೆ ಗುಂಪಿನಲ್ಲಿ ನುಸುಳಿ, ಯೇಸುವಿನ ಅಂಗಿಯ ಅಂಚು ಮುಟ್ಟಿ ವಾಸಿಯಾದಳು. ನನ್ನನ್ನು ಮುಟ್ಟಿದವರು ಯಾರು ಎಂದು ಆತ ನಿಂತು ಕೇಳಿದಾಗ, ನಡುಗುತ್ತ ಬಂದು ಇದ್ದದ್ದನ್ನೆಲ್ಲ ಹೇಳಿದಳು. ಆತ ಅವಳನ್ನು ಮಗಳೇ ಎಂದು ಕರೆದ.

ಓದಿ ಮುಗಿಸಿದ ಪ್ರಮೀಳಾ ಬೆಂಚಿಗೆ ಮರಳಲಿಲ್ಲ.

"ನನಗೂ ಅದೇ ಕಾಯಿಲೆ ಐತ್ರಿ" ಎಂದಳು. "ಎರಡು ವರ್ಷಾತು. ನಮ್ಮನೆಯವರಿಗೂ ಹೇಳಿಲ್ಲ, ನಮ್ಮತ್ತೆಗೂ ಹೇಳಿಲ್ಲ. ಆಯಮ್ಮ ವಾಸಿಯಾದ ಮ್ಯಾಲೂ ಸ್ವಾಮಿ ಸುಮ್ನೆ ಕಳಿಸಲಿಲ್ಲ ನೋಡ್ರಿ, ಎಲ್ಲರ ಮುಂದೆ ಬಾಯಿ ಬಿಡಿಸಿದ. ಇವತ್ತು ನನ್ನೇ ಕೇಳಿದಂಗಾತು."

ಗಂಡಸರು ತಲೆ ತಗ್ಗಿಸಿದರು. ಹೊನ್ನೂರಮ್ಮನ ಕಿವಿ ಬಿಸಿಯಾದವು. ಕೈಹಿಡಿದು ಎಳೆದು ಕೂರಿಸಿಬಿಡೋಣ ಎನ್ನಿಸಿತು. ಆದರೆ ಸೊಸೆಯ ತಲೆ ಮಾತ್ರ ಬಾಗಿರಲಿಲ್ಲ. ಚಿಕ್ಕಂದಿನಿಂದ ಕೇಳಿದ ಕಥೆ. ಆ ಹೆಂಗಸಿಗೆ ಅಷ್ಟು ಜನರ ನಡುವೆ ಬಾಯಿ ತೆರೆಯಲು ಎಂಥ ಎದೆಗಾರಿಕೆ ಬೇಕಿತ್ತೆಂದು ಅತ್ತೆಗೆ ಹೊಳೆದದ್ದು ಅವತ್ತೇ.

ಹೊನ್ನೂರಮ್ಮ ಎದ್ದು ಹೋಗಿ ಸೊಸೆಯ ಹೆಗಲು ಬಳಸಿದಳು.

"ಇವಳು ನನ್ನ ಸೊಸೆ ರೀ. ಎಲ್ಲರೂ ಪ್ರಾರ್ಥನೆ ಮಾಡ್ರಿ. ನಾಳೆ ನಾನೇ ಇವಳನ್ನ ದಾವಣಗೆರೆಗೆ ಕರ್ಕೊಂಡು ಹೋಗ್ತೀನಿ."

ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಪರೀಕ್ಷೆ ಮಾಡಿ, ಗರ್ಭಕೋಶದಲ್ಲಿ ಗಡ್ಡೆಯಿದೆ, ಮೈಯಲ್ಲಿ ರಕ್ತ ತೀರಾ ಕಡಿಮೆಯಿದೆ, ಇನ್ನೂ ತಡಮಾಡಿದ್ದರೆ ಜೀವಕ್ಕೇ ಅಪಾಯವಿತ್ತು ಎಂದರು. ಸುದ್ದಿ ತಿಳಿದು ಪಕ್ಕದ ಮನೆಯ ಹಜೀರಾ ಬಸ್ಸು ಹತ್ತಿ ಬಂದು ರಕ್ತ ಕೊಟ್ಟಳು. "ನನ್ನ ಹತ್ರನಾದ್ರೂ ಹೇಳಬಾರದಿತ್ತೇನೆ?" ಎಂದು ಬೈದು, ಪ್ರಮೀಳಾಳ ಕೂದಲು ಬಾಚಿ ಜಡೆ ಹಾಕಿದಳು. ಆಪರೇಷನ್ ಸಸೂತ್ರವಾಗಿ ಆಯಿತು.

ಮೈಯಲ್ಲಿ ಕಸುವು ತುಂಬಿಕೊಂಡ ಮೇಲೆ ಪ್ರಮೀಳಾ ಚರ್ಚಿಗೆ ಬಂದಳು. ಸಭೆಯ ಹಿರಿಯ ಕಲ್ಲೇಶಪ್ಪ ಹೊನ್ನೂರಮ್ಮನನ್ನು ಬಾಗಿಲಲ್ಲೇ ತಡೆದ.

"ಗುಣ ಮಾಡಿದ್ದು ಸ್ವಾಮಿನೋ ಡಾಕ್ಟ್ರೋ, ನೀನೇ ಹೇಳಮ್ಮ."

"ಬಾಯಿ ಬಿಡಿಸಿದೋನು ಸ್ವಾಮಿ. ಅವಳು ಬಾಯಿ ಬಿಡದಿದ್ರೆ ಡಾಕ್ಟ್ರು ಏನು ಮಾಡ್ತಿದ್ರು? ನನ್ನ ಸೊಸೆ ನಂಬಿದ್ಲು, ಅದಕ್ಕೇ ಹೇಳಿದ್ಲು. ಇದರಾಗೆ ಪಾಲು ಮಾಡಾಕೆ ಹೋಗಬ್ಯಾಡ್ರಿ."

ಅಂದು ಸಂಜೆ ಮನೆ ಬಾಗಿಲಿಗೆ ಇಬ್ಬರು ಹೆಂಗಸರು ಬಂದರು. ಒಬ್ಬಳು ಚರ್ಚಿನವಳು, ಇನ್ನೊಬ್ಬಳು ಹಜೀರಾಳ ನಾದಿನಿ. ಪ್ರಮೀಳಾಳ ಹತ್ತಿರ ಏನೋ ಹೇಳುವುದಿದೆ ಎಂದು ಸೆರಗು ಹಿಡಿದು ನಿಂತರು. ಹೊನ್ನೂರಮ್ಮ ಮಗನನ್ನು ಪೇಟೆಗೆ ಅಟ್ಟಿ, ಅವರನ್ನು ಒಳಗೆ ಕೂರಿಸಿ, ಚಹಾಕ್ಕೆ ನೀರಿಟ್ಟಳು.

"ನಾಚ್ಕೋಬ್ಯಾಡ್ರಿ, ಹೇಳ್ರಿ" ಎಂದಳು. "ನಮ್ಮ ಪ್ರಮೀಳಾ ನಾಕು ಜನದ ಮುಂದೆ ನಿಂತು ಹೇಳಿದೋಳು."