ಲೀಸಮ್ಮನ ಕೋಟೆ, ಅಪ್ಪನ ಗುಂಡಿ

ಅವರ ಪೂರ್ತಿ ಹೆಸರು ಲೀಸ್‌ಬೆತ್ ಹೂಫ್‌ಲಾಂಡ್. ಹಾಲೆಂಡಿನವರು, ವಯಸ್ಸು ಎಪ್ಪತ್ತೊಂದು, ಹಳೇ ಕೋಟೆಗಳನ್ನು ಅಗೆದು ಓದುವುದರಲ್ಲಿ ದೊಡ್ಡ ಹೆಸರು. ಸೇಲಂ ಕಡೆಯ ಪಾಲಮಲೆಯ ಜನಕ್ಕೆ ಅಷ್ಟುದ್ದದ ಹೆಸರು ನಾಲಿಗೆಗೆ ಹತ್ತಲಿಲ್ಲ. ಎರಡನೇ ದಿನಕ್ಕೇ ಅವರು ಲೀಸಮ್ಮ ಆದರು. ನಾನು ಮೇನಕಾ, ಕೊಳತ್ತೂರಿನ ಸರ್ಕಾರಿ ಶಾಲೆಯಲ್ಲಿ ಇಂಗ್ಲಿಷ್ ಟೀಚರು. ವರ್ಷದ ಕೊನೆಯ ಪರೀಕ್ಷೆ ಮುಗಿದ ರಜೆಯಲ್ಲಿ ಅವರಿಗೊಬ್ಬ ದುಭಾಷಿ ಬೇಕೆಂದರು, ಒಪ್ಪಿಕೊಂಡೆ. ಇಂಗ್ಲಿಷ್, ತಮಿಳು, ಕನ್ನಡ ಮೂರನ್ನೂ ತಡವರಿಸದೆ ಆಡುವವರು ಈ ಸುತ್ತಿನಲ್ಲಿ ನನ್ನನ್ನು ಬಿಟ್ಟರೆ ಇನ್ನೊಬ್ಬರಿಲ್ಲ. ಜಂಬ ಅಂದುಕೊಂಡರೆ ಅಂದುಕೊಳ್ಳಿ.

ಪಾಲಮಲೆ ಹತ್ತುವ ದಾರಿಯಲ್ಲಿ ರಾಗಿ, ಹುರುಳಿ ಹೊಲಗಳನ್ನು ದಾಟಿದರೆ ಒಂದು ಬೋಳು ಬಂಡೆಯ ಮೇಲೆ ಸಣ್ಣದೊಂದು ಹಾಳು ಕೋಟೆ ಇದೆ. ಎರಡಾಳು ಎತ್ತರದ ಗೋಡೆ, ಅಡ್ಡ ತಿರುಗಿದ ಬಾಗಿಲು, ಮೂಲೆಯಲ್ಲೊಂದು ಕಾವಲು ಬುರುಜು. ಬುರುಜಿನ ಮೇಲೆ ನಿಂತರೆ ಮೆಟ್ಟೂರು ಅಣೆಕಟ್ಟಿನ ನೀರು ಕಾಣುತ್ತದೆ. ಕೋಟೆಯ ಒಳಗೆ ಬಂಡೆಯಲ್ಲೇ ಕೊರೆದ ಹದಿನಾಲ್ಕು ಗುಂಡಿಗಳು. ಸಾಲಿಗೆ ಏಳರಂತೆ ಎರಡು ಸಾಲು, ಒಂದೊಂದೂ ಮೊಣಕಾಲಿನಷ್ಟು ಆಳ. ಲೀಸಮ್ಮ ಮೊದಲ ವಾರದಲ್ಲೇ ತೀರ್ಮಾನಿಸಿಬಿಟ್ಟರು. ಇದು ಸಿಪಾಯಿಗಳ ಠಾಣೆ. ಗುಂಡಿಗಳಲ್ಲಿ ಅವರು ದವಸ, ಕೋವಿ ಮದ್ದು ಇಡುತ್ತಿದ್ದರು. ಆ ತಿಂಗಳ ಕೊನೆಯಲ್ಲಿ ಸೇಲಂನ ಒಂದು ಕಾಲೇಜಿನಲ್ಲಿ ಅಧಿಕಾರಿಗಳು, ಪ್ರೊಫೆಸರುಗಳ ಮುಂದೆ ಅವರು ವರದಿ ಓದಬೇಕಿತ್ತು. ಅದೇ ತಮ್ಮ ಕೊನೆಯ ವರದಿ, ಆಮೇಲೆ ಗುದ್ದಲಿ ಕೆಳಗಿಡುತ್ತೇನೆ ಎಂದು ನನಗೆ ಹೇಳಿದ್ದರು.

ಮಧ್ಯಾಹ್ನ ಹುಣಸೆಮರದ ನೆರಳಲ್ಲಿ ಬುತ್ತಿ ಬಿಚ್ಚಿದಾಗ ಲೀಸಮ್ಮ ತಮ್ಮ ಕಥೆ ಹೇಳುತ್ತಿದ್ದರು. ಅವರ ಊರಿನಲ್ಲಿ ಬೆಟ್ಟವೆಂಬುದೇ ಇಲ್ಲವಂತೆ, ಮನೆಯ ಹೊಸ್ತಿಲು ಸಮುದ್ರಕ್ಕಿಂತ ಕೆಳಗಂತೆ. ಅಲ್ಲಿನ ಕೋಟೆಗಳು ಇಟ್ಟಿಗೆಯವು, ಸುತ್ತ ನೀರು ತುಂಬಿದ ಕಂದಕ. ಕೋಟೆಯೊಳಗಿನವರು ಬೇಡವಾದದ್ದನ್ನೆಲ್ಲ ಆ ನೀರಿಗೆ ಎಸೆಯುತ್ತಿದ್ದರು. ಆರುನೂರು ವರ್ಷದ ಹಿಂದಿನ ಚಪ್ಪಲಿ, ಬಾಚಣಿಗೆ, ಮರದ ಚಮಚ ಎಲ್ಲವೂ ಕೆಸರಿನಲ್ಲಿ ಕೊಳೆಯದೆ ಕೂತಿರುತ್ತಿದ್ದವು. ಇಪ್ಪತ್ತೆರಡನೇ ವಯಸ್ಸಿಗೆ ಆ ಕೆಸರಿಗೆ ಇಳಿದ ಹುಡುಗಿ ಮತ್ತೆ ಮೇಲೆ ಬರಲೇ ಇಲ್ಲ, ಎಂದು ತಮ್ಮನ್ನೇ ಗೇಲಿ ಮಾಡಿಕೊಳ್ಳುತ್ತಿದ್ದರು.

ಇಪ್ಪತ್ತೆಂಟರಲ್ಲಿ ಅವರು ತಮ್ಮ ಗುರುವಿಗೇ ಎದುರು ಬಿದ್ದರಂತೆ. ಒಂದು ಪ್ರಸಿದ್ಧ ಕೋಟೆ ಯುದ್ಧಕ್ಕೆ ಕಟ್ಟಿದ್ದು ಎಂದು ಆ ಗುರು ಪುಸ್ತಕ ಬರೆದಿದ್ದರು. ಲೀಸಮ್ಮ ಗೋಡೆ ಅಳೆದು ನೋಡಿದರೆ ದಪ್ಪ ಬರೀ ಎರಡಡಿ. ಕಿಟಕಿಗಳು ಬಾಗಿಲಷ್ಟು ದೊಡ್ಡವು, ಕಂದಕದ ತುಂಬ ಹಬ್ಬದೂಟದ ಮೂಳೆ. ಇದು ಯುದ್ಧಕ್ಕಲ್ಲ, ನೆಂಟರ ಮುಂದೆ ಮೆರೆಯಲು ಕಟ್ಟಿದ ಮನೆ ಎಂದು ತುಂಬಿದ ಸಭೆಯಲ್ಲಿ ಹೇಳಿದರು. "ಮಡಕೆ ಚೂರು ತೊಳೆಯೋದು ನಿನ್ನ ಕೆಲಸ, ಕೋಟೆ ನನ್ನದು" ಎಂದು ಗುರು ಗದರಿ, ಆಮೇಲೆ ಹನ್ನೊಂದು ವರ್ಷ, ಸಾಯುವ ತನಕ, ಇವರ ಜೊತೆ ಮಾತಾಡಲಿಲ್ಲ. ಕೆಲಸವೂ ಹೋಯಿತು. ಹಳ್ಳಿಯ ಮ್ಯೂಸಿಯಮ್ಮಿನಲ್ಲಿ ಟಿಕೆಟ್ ಹರಿಯುತ್ತ ಪುಸ್ತಕ ಬರೆದು, ಕೊನೆಗೆ ಅದೇ ಗುರುವಿನ ಕುರ್ಚಿಯಲ್ಲಿ ಕೂತರು. ಆಮೇಲೆ ಅಗೆದದ್ದು ಮೂವತ್ತು ಕೋಟೆ. ಈ ಕಥೆ ಕೇಳಿದ ದಿನವೇ ಆ ಹೆಂಗಸಿನ ಮೇಲೆ ನನಗೆ ಗೌರವ ಹುಟ್ಟಿತು.

ಹೀಗಿರುವಾಗ ನನ್ನ ಅಪ್ಪ ಬಂದ. ಹೆಸರು ಎಲ್ಲಪ್ಪ, ಎಪ್ಪತ್ತೆಂಟು ವರ್ಷ. ಸೇಲಂನ ಗುಗೈಯಲ್ಲಿ ಇವತ್ತಿಗೂ ಗುಂಡಿ ಮಗ್ಗದಲ್ಲಿ ಕೂತು ಸೀರೆ ನೇಯುತ್ತಾನೆ. ರಜೆಯಲ್ಲೂ ಮಗಳು ಮನೆಗೆ ಬರಲಿಲ್ಲವೆಂದು ಮುನಿಸಿಕೊಂಡು, ಮುರುಕಿನ ಡಬ್ಬ ಹಿಡಿದು, ಎರಡು ಬಸ್ಸು ಒಂದು ಜೀಪು ಹತ್ತಿ ಬಂದಿದ್ದ. ಕೋಟೆಯನ್ನು ಒಂದು ಸುತ್ತು ಹಾಕಿದ. ಗೋಡೆ, ಬುರುಜು ಯಾವುದನ್ನೂ ಕಣ್ಣೆತ್ತಿ ನೋಡಲಿಲ್ಲ. ನೇರ ಗುಂಡಿಯ ಹತ್ತಿರ ಹೋಗಿ, ಪಂಚೆ ಎತ್ತಿ ಕಟ್ಟಿ, ಅಂಚಿನಲ್ಲಿ ಕೂತು ಕಾಲು ಇಳಿಬಿಟ್ಟ. ಪಾದಗಳು ತಾವಾಗಿಯೇ, ಮಗ್ಗದ ಮೆಟ್ಟು ಒತ್ತುವ ಹಾಗೆ, ಒಂದಾದ ಮೇಲೊಂದು ತುಳಿಯತೊಡಗಿದವು.

"ಇದು ತರಿ ಗುಂಡಿ ಕಣಮ್ಮಾ" ಎಂದ. ನಮ್ಮ ಕನ್ನಡ ನೇಕಾರರ ಬೀದಿಯಲ್ಲಿ ಮಗ್ಗಕ್ಕೆ ತಮಿಳಿನ ಹಾಗೆ ತರಿ ಅಂತಲೇ ಅನ್ನುವುದು. "ನೋಡು, ಅಂಚು ಎಂಗೆ ಸವ್ದೈತೆ. ತೊಡೆ ಉಜ್ಜಿ ಉಜ್ಜಿ ಆಗಿರೋದು. ಇಲ್ಲಿ ನಮ್ಮೋರು ಕುಂತು ನೇಯ್ದವ್ರೆ. ಹದ್ನಾಕು ತರಿ ಓಡೈತೆ ಇಲ್ಲಿ."

ಹುಟ್ಟಿದಾಗಿನಿಂದ ಅಂಥ ಗುಂಡಿಯ ಪಕ್ಕದಲ್ಲೇ ಮಲಗಿ ಬೆಳೆದವಳು ನಾನು. ಎರಡು ವಾರದಿಂದ ದಿನಾ ನೋಡುತ್ತಿದ್ದರೂ ಹೊಳೆದಿರಲಿಲ್ಲ. ಲೀಸಮ್ಮನನ್ನು ಕರೆದು ಅಪ್ಪನ ಮಾತನ್ನು ಇಂಗ್ಲಿಷಿನಲ್ಲಿ ಹೇಳಿದೆ. ಅವರ ಮುಖ ಬಿಗಿಯಿತು. ಕೆಲಸದವರೆಲ್ಲ ಕೈ ನಿಲ್ಲಿಸಿ ನೋಡುತ್ತಿದ್ದರು.

"ದವಸದ ಚೀಲ ಎಳೆದರೂ ಅಂಚು ಸವೆಯುತ್ತದೆ" ಎಂದರು. "ನಿಮ್ಮ ತಂದೆಗೆ ಹೇಳಿ. ಅವರ ಕೆಲಸ ಮಗ್ಗ. ಗೋಡೆ ನನ್ನದು."

ನನಗೆ ಮೂಗಿನ ತುದಿಯಲ್ಲೇ ಕೋಪ. ಗುರು ಆಡಿದ ಮಾತನ್ನು ಈ ಹೆಂಗಸು ಪದ ಬದಲಾಯಿಸಿ ನಮ್ಮಪ್ಪನಿಗೆ ಆಡುತ್ತಿದ್ದಾರೆ, ಅದೂ ನನ್ನ ಬಾಯಿಂದ! ಮೆತ್ತಗೆ ಮಾಡಿ ಹೇಳಬಹುದಿತ್ತು. ಹೇಳಲಿಲ್ಲ. ಇದ್ದದ್ದು ಇದ್ದ ಹಾಗೆ ಅಪ್ಪನ ಮುಂದೆ ಇಟ್ಟೆ.

ಅಪ್ಪನಿಗೆ ಸ್ವಲ್ಪವೂ ಬೇಜಾರಾಗಲಿಲ್ಲ. "ಗೋಡೆ ಅವರ್ದೇ ಆಗ್ಲಿ. ಗುಂಡಿ ನಂದು" ಎಂದ.

ಇದನ್ನು ನಾನು ಬಹಳ ಖುಷಿಯಿಂದ ಇಂಗ್ಲಿಷಿಗೆ ಇಳಿಸಿದೆ. ಲೀಸಮ್ಮ ಅಪ್ಪನನ್ನು ಒಂದು ನಿಮಿಷ ದಿಟ್ಟಿಸಿದರು. ನಗಲಿಲ್ಲ. "ಹಾಗಾದರೆ ತೋರಿಸಲಿ" ಎಂದರು. "ಮಗ್ಗ ಇದ್ದದ್ದು ನಿಜವಾದರೆ ಗುಂಡಿ ಬಿಟ್ಟು ಇನ್ನೇನು ಇರಬೇಕು? ಎಲ್ಲಿರಬೇಕು? ಅಗೆಯುವ ಮೊದಲೇ ಹೇಳಲಿ. ಅಲ್ಲಿ ಸಿಗದಿದ್ದರೆ ಸೇಲಂನಲ್ಲಿ ನಾನು ಓದುವುದು ಸಿಪಾಯಿಗಳ ಠಾಣೆ ಎಂದೇ."

ಅಪ್ಪ ಗುಂಡಿಯಿಂದ ಎದ್ದು ಬಂದ. ಹಾಸು, ಅಂದರೆ ಉದ್ದಕ್ಕೆ ಕಟ್ಟುವ ನೂಲು, ಬಿಗಿಯಾಗಿ ನಿಲ್ಲಬೇಕಾದರೆ ನೇಯುವವನ ಎದುರಿಗೆ, ನೇರಕ್ಕೆ, ಒಂದು ಗೂಟ ಇರಲೇಬೇಕು. ಬಂಡೆಯಾದ್ದರಿಂದ ಗೂಟಕ್ಕೆ ತೂತು ಕೊರೆದಿರಲೇಬೇಕು ಎಂದ. ಗುಂಡಿಗಳ ಮುಂದೆಲ್ಲ ಮಣ್ಣು ಕೂತು ಹುಲ್ಲು ಬೆಳೆದಿತ್ತು. ಅಪ್ಪ ತನ್ನ ಮೊಳಕೈಯಿಂದಲೇ ನೆಲ ಅಳೆದು, ನಾಲ್ಕು ಮೊಳಕ್ಕೆ ಕಲ್ಲಿಟ್ಟು, "ಇಲ್ಲಿ" ಎಂದ.

ಕೆಲಸದವರ ಮೇಸ್ತ್ರಿ ಪಳನಿಸ್ವಾಮಿ, ಅದೇ ಮಲೆಯ ರೈತ, ಅಪ್ಪ ಹೇಳಿದ ಜಾಗದಲ್ಲಿ ಮಣ್ಣು ಬಿಡಿಸಿದ. ಬಂಡೆ ಬಂತು, ತೂತಿಲ್ಲ. ಎರಡನೇ ಗುಂಡಿ ಮುಂದೆ, ಇಲ್ಲ. ಮೂರನೆಯದು, ಇಲ್ಲ. ಸಂಜೆಯ ಹೊತ್ತಿಗೆ ಒಂದು ಸಾಲಿನ ಏಳೂ ಮುಗಿದವು. ಏನೂ ಸಿಗಲಿಲ್ಲ. ಲೀಸಮ್ಮ ಪುಸ್ತಕದಲ್ಲಿ ಬರೆದುಕೊಂಡು ಡೇರೆಗೆ ಹೋದರು.

"ನಾಳೆ ಬೆಳಿಗ್ಗೆ ಬಸ್ಸಿಗೆ ಓಗ್ಬಿಡಪ್ಪಾ" ಎಂದೆ. ಅವನ ಮಾನ ಹೋಯಿತಲ್ಲ ಎಂದು ನನಗೆ ಅಳುವೇ ಬಂದಿತ್ತು.

"ಯಾಕ್ ಓಗ್ಲಿ? ತೂತು ಇಲ್ಲೇ ಐತೆ. ನನ್ನ ಲೆಕ್ಕ ಎಲ್ಲೋ ತಪ್ಪೈತೆ, ಅಷ್ಟೇ" ಎಂದು ಮುರುಕು ಕಡಿಯುತ್ತ ಕೂತ.

ಮಾರನೇ ಬೆಳಿಗ್ಗೆ ಕಾಫಿ ಕುಡಿಯುವಾಗ ಲೋಟ ಕೆಳಗಿಟ್ಟು ಹಣೆ ಹಣೆ ಬಡಿದುಕೊಂಡ. "ಅಯ್ಯೋ ನನ್ ಬುದ್ಧಿಗಿಷ್ಟು! ನಮ್ಮನೆ ರೂಮ್ ಅಳ್ತೆ ಇಲ್ಲಿಗ್ ಇಟ್ಟೆ ಕಣಮ್ಮಾ. ಗುಗೈ ಮನೇಲಿ ಜಾಗ ಎಲ್ಲೈತೆ? ನಾಕ್ ಮೊಳಕ್ಕೆ ಗೋಡೆ ಬಂದ್ಬಿಡ್ತೈತೆ, ಅದಕ್ಕೇ ನಾವು ಹಾಸು ಉರುಳೇಗ್ ಸುತ್ಕೊಂಡು ನೇಯೋದು. ನಮ್ ತಾತ ಬಯಲಲ್ಲಿ ಪೂರಾ ಹಾಸು ಉದ್ದಕ್ಕ್ ಎಳ್ದು ಕಟ್ತಿದ್ದ. ಇಲ್ಲಿ ಅಡ್ಡ ಗೋಡೆ ಎಲ್ಲೈತೆ?" ಎದ್ದವನೇ ಗುಂಡಿಯಿಂದ ಮತ್ತೆ ಮೊಳ ಹಾಕಿದ. ಹನ್ನೆರಡಕ್ಕೆ ನಿಲ್ಲಿಸಿದ. "ತೂತು ನೆಟ್ಟಗಿರಲ್ಲ ಅಂತಾನೂ ಹೇಳು. ನೂಲು ಈ ಕಡೆ ಜಗ್ತೈತೆ, ಗೂಟ ಕಿತ್ ಬರಬಾರ್ದು ಅಂತ ಆ ಕಡೆಗೆ ಓರೆಯಾಗಿ ಕೊರೆದಿರ್ತಾರೆ."

ಲೀಸಮ್ಮ ಬರೆದುಕೊಂಡರು: ಹನ್ನೆರಡು ಮೊಳ, ಓರೆ. ಪಳನಿಸ್ವಾಮಿ ಗುದ್ದಲಿ ಬಿಟ್ಟು ಕೈಯಿಂದಲೇ ಮಣ್ಣು ಸರಿಸತೊಡಗಿದ. ಒಂದು ಗೇಣು ಆಳಕ್ಕೆ ಅವನ ಬೆರಳು ಬಂಡೆಯೊಳಗೆ ಇಳಿಯಿತು.

"ಅಕ್ಕಾ, ಐತೆ!" ಎಂದು ಕೂಗಿದ. "ಓರೆಯಾಗೇ ಐತೆ!"

ಆ ಕೂಗಿಗೆ ನಾನು ಟೀಚರು ಅನ್ನುವುದನ್ನೂ ಮರೆತು ಸೆರಗು ಸಿಕ್ಕಿಸಿಕೊಂಡು ಓಡಿದೆ. ನಾಲ್ಕು ದಿನದಲ್ಲಿ ಹದಿಮೂರು ಗುಂಡಿಗಳ ಎದುರಿಗೆ ಹದಿಮೂರು ತೂತು ಸಿಕ್ಕಿದವು, ಎಲ್ಲವೂ ಹನ್ನೆರಡು ಮೊಳದ ಆಸುಪಾಸಿನಲ್ಲಿ, ಎಲ್ಲವೂ ಒಂದೇ ಕಡೆಗೆ ಓರೆ. ಹದಿನಾಲ್ಕನೆಯದರ ಮುಂದೆ ಬಂಡೆಯೇ ಒಡೆದು ಹೋಗಿತ್ತು. ಕಾವಲಿಗೆ ಕಟ್ಟಿದ ಗೋಡೆ ನಿಜ, ಆದರೆ ಕಾದದ್ದು ನೇಕಾರರನ್ನು. ಲೀಸಮ್ಮ ಪ್ರತಿಯೊಂದು ತೂತಿಗೂ ಮಂಡಿಯೂರಿ ತಾವೇ ಅಳೆದರು. ಅಪ್ಪನಿಗೆ ಮಾತ್ರ ಒಂದು ಮಾತೂ ಹೇಳಲಿಲ್ಲ. ಆ ಮೌನ ನನಗೆ ಹಿಡಿಸಲಿಲ್ಲ. ಹನ್ನೊಂದು ವರ್ಷ ಮಾತು ಬಿಟ್ಟ ಗುರುವಿನ ಶಿಷ್ಯೆ ಅಲ್ಲವೇ, ಸೇಲಂನಲ್ಲಿ ಹೋಗಿ ಏನು ಓದುತ್ತಾರೋ. ಮಗ್ಗದ ವಿಷಯ ಓದದಿದ್ದರೆ ಅಲ್ಲೇ ಎದ್ದು ನಿಂತು ಜಗಳ ತೆಗೆಯುವುದೆಂದು ತೀರ್ಮಾನಿಸಿದ್ದೆ.

ಸಭೆಯ ದಿನ ಅಪ್ಪ ತಾನೇ ನೇಯ್ದ ಜರಿ ಅಂಚಿನ ಪಂಚೆ ಉಟ್ಟು ಬಂದ. ಲೀಸಮ್ಮ ಅವನನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ಹೆಚ್ಚು ಹೊತ್ತು ಸುತ್ತಿ ಬಳಸಲಿಲ್ಲ. ಕೋಟೆಯೊಳಗೆ ಹದಿನಾಲ್ಕು ಮಗ್ಗಗಳಿದ್ದವು, ಇದನ್ನು ಕಂಡುಹಿಡಿದವರು ನೇಕಾರ ಎಲ್ಲಪ್ಪನವರು ಎಂದು ಎರಡನೇ ವಾಕ್ಯದಲ್ಲೇ ಹೇಳಿಬಿಟ್ಟರು. ನನ್ನ ಕಣ್ಣು ತುಂಬಿತು. ಜಗಳಕ್ಕೆ ಕಟ್ಟಿಕೊಂಡು ಬಂದಿದ್ದ ಮಾತೆಲ್ಲ ದಂಡ.

ಆಮೇಲೆ ಅವರು ತಮ್ಮ ದಿನಚರಿಯ ಒಂದು ಹಾಳೆಯನ್ನು ಪರದೆಯ ಮೇಲೆ ತೋರಿಸಿದರು. ಅಪ್ಪ ಮಲೆಗೆ ಬರುವುದಕ್ಕೂ ಹತ್ತು ದಿನ ಮುಂಚಿನದು. ಅದರಲ್ಲಿ ಒಂದು ತೂತಿನ ಚಿತ್ರ, ಓರೆಯಾಗಿದೆ ಎಂಬ ಟಿಪ್ಪಣಿ, ಪಕ್ಕದಲ್ಲಿ 'ಧ್ವಜಸ್ತಂಭ' ಎಂಬ ಪದ.

"ಮೂರನೇ ದಿನವೇ, ನಾನೊಬ್ಬಳೇ ಇದ್ದಾಗ, ಒಂದು ತೂತು ನನಗೆ ಸಿಕ್ಕಿತ್ತು" ಎಂದರು. "ಧ್ವಜವನ್ನು ಯಾರೂ ಓರೆಯಾಗಿ ನೆಡುವುದಿಲ್ಲ, ಅದು ನನಗೆ ಗೊತ್ತು. ಆದರೂ ಹಾಗೆ ಬರೆದೆ. ನನಗೆ ಅಲ್ಲಿ ಸಿಪಾಯಿಗಳು ಬೇಕಿದ್ದರು. ತೂತಿಗೆ ಮಣ್ಣೆಳೆದೆ, ಹಾಳೆಯನ್ನು ಮುಚ್ಚಿ ಮತ್ತೆ ತೆರೆಯಲಿಲ್ಲ. ಎಲ್ಲಪ್ಪನವರು ಬಂದಾಗಲೂ ಬಾಯಿ ಬಿಡಲಿಲ್ಲ."

ಅಪ್ಪ ನನ್ನ ಕೈ ಹಿಡಿದೆಳೆದು, "ಎನ್ನಮ್ಮಾ ಸೊಲ್ರಾಂಗ?", ಏನು ಹೇಳುತ್ತಿದ್ದಾರೆ ಎಂದು ತಮಿಳಿನಲ್ಲೇ ಕೇಳಿದ. ಹೇಳಿದೆ. ಅವನು ಪರದೆಯ ಕಡೆ ಬೊಟ್ಟು ಮಾಡಿದ.

"ಮೊದ್ಲೇ ಗೊತ್ತಿದ್ಮೇಲೆ ನಮ್ ಕೈಲಿ ಅಷ್ಟು ದಿನ ಯಾಕ್ ಅಗೆಸಿದ್ರು? ಕೇಳು."

ಎಲ್ಲರಿಗೂ ಕೇಳಿಸುವ ಹಾಗೆ ಕೇಳಿದೆ. ಲೀಸಮ್ಮ ಕನ್ನಡಕ ತೆಗೆದು ಅಪ್ಪನ ಕಡೆಗೇ ತಿರುಗಿದರು. "ಒಂದು ತೂತಿಗೆ ನಾನು ಒಪ್ಪಲಿಲ್ಲ. ಎರಡಕ್ಕೂ ಒಪ್ಪುತ್ತಿರಲಿಲ್ಲ. ನನ್ನನ್ನು ಒಪ್ಪಿಸಲು ಹದಿಮೂರು ಬೇಕಾದವು ಎಂದು ಹೇಳಿ" ಎಂದರು. ಅವರ ಧ್ವನಿ ಗಟ್ಟಿಯಾಗಿಯೇ ಇತ್ತು.

ಅಪ್ಪನಿಗೆ ಕನ್ನಡದಲ್ಲಿ, ಸಭೆಗೆ ತಮಿಳಿನಲ್ಲಿ ಹೇಳಿದೆ. ಜನ ಚಪ್ಪಾಳೆ ತಟ್ಟಿದರು. ಅಪ್ಪ ಚಪ್ಪಾಳೆ ಮುಗಿಯುವ ತನಕ ಕಾದು ನನ್ನ ಕಡೆ ಬಾಗಿದ.

"ನಾನು ಮೊದ್ಲು ನಾಕ್ ಮೊಳದಲ್ಲಿ ಏಳು ಕಡೆ ಸುಮ್ಮನೆ ಅಗೆಸಿದ್ನಲ್ಲ, ಅದನ್ನ ಅವ್ರು ಹೇಳ್ಲಿಲ್ಲ, ನೀನೂ ಹೇಳ್ಲಿಲ್ಲ. ಅದನ್ನೂ ಹೇಳ್ಬಿಡಮ್ಮಾ. ತಪ್ಪೆಲ್ಲ ಅವರೊಬ್ರದೇ ಅಂತ ಜನ ತಿಳ್ಕೋಬಾರ್ದು."

ಅದೊಂದನ್ನು ಮಾತ್ರ ಹೇಳಲು ನನಗೆ ಸುತರಾಂ ಮನಸ್ಸಿರಲಿಲ್ಲ. ಅಷ್ಟು ಜನರ ಮುಂದೆ ಅಪ್ಪ ಒಂದು ತಪ್ಪೂ ಮಾಡದವನ ಹಾಗೆ ಕೂತಿರುವುದು ನನಗೆ ಇಷ್ಟವಾಗಿತ್ತು. ಆದರೂ ಎದ್ದು ನಿಂತು, ಮೊದಲು ತಮಿಳಿನಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ, ಪೂರ್ತಿ ಹೇಳಿದೆ.