ಒಂದು ಮೀನು, ಎರಡು ಪಾಲು

ಆ ವರ್ಷ ಮೊದಲು ಯಾರ ಮೇಲೆ ಸಿಟ್ಟಾಗಬೇಕೆಂಬುದೇ ಸುಂದರವ್ವನಿಗೆ ತಿಳಿಯದಂತಾಗಿತ್ತು. ಮೀನಿನ ಮೇಲೋ, ಮೀನಿನ ಆಚೆ ನಿಂತ ತ್ರ್ಯಂಬಕನ ಮೇಲೋ, ಇಲ್ಲಾ ಹೆತ್ತ ಅಪ್ಪನ ಮೇಲೋ.

ಮೀನಿನದೇನೂ ತಪ್ಪಿರಲಿಲ್ಲ, ಪಾಪ. ಮೊಳಕ್ಕಿಂತ ತುಸು ಉದ್ದದ ಶಾರ್ಕ್ ಮರಿ. ಕಾರವಾರದಿಂದ ಫಾರ್ಮಲಿನ್ ತುಂಬಿದ ಡಬ್ಬದಲ್ಲಿ ಮುಳುಗಿ ಬೈಲಹೊಂಗಲದ ಕಾಲೇಜಿಗೆ ಬಂದಿತ್ತು. ಸಮುದ್ರವನ್ನೇ ಕಾಣದ ಊರಿನಲ್ಲಿ ಅದು ಬಲು ತುಟ್ಟಿ. ಹಾಗಾಗಿ ಒಂದು ಮೀನಿಗೆ ಇಬ್ಬರು ವಿದ್ಯಾರ್ಥಿಗಳು. ತಲೆಯ ಎಡಭಾಗ ಸುಂದರವ್ವನಿಗೆ, ಬಲಭಾಗ ತ್ರ್ಯಂಬಕನಿಗೆ. ಚರ್ಮ ಸುಲಿದು, ಮಾಂಸ ಬಿಡಿಸಿ, ಮಿದುಳಿನಿಂದ ಹೊರಟ ನರಗಳನ್ನು ಒಂದೂ ಹರಿಯದಂತೆ ತೋರಿಸಬೇಕು. ಪ್ರ್ಯಾಕ್ಟಿಕಲ್ ಪರೀಕ್ಷೆಗೆ ಬರುವುದು ಇದೇ ಎಂದು ಪ್ರಾಣಿಶಾಸ್ತ್ರದ ಬಸಯ್ಯ ಸರ್ ಹೇಳಿಬಿಟ್ಟಿದ್ದರು. ಪಿಯುಸಿಯಲ್ಲಿ ನಾಲ್ಕು ಮಾರ್ಕಿನಿಂದ ಮೆಡಿಕಲ್ ಸೀಟು ಕಳೆದುಕೊಂಡ ಸುಂದರವ್ವ ಬಿ.ಎಸ್ಸಿ. ಸೇರಿದ್ದೇ ಇನ್ನೊಮ್ಮೆ ಅರ್ಜಿ ಹಾಕಲಿಕ್ಕೆ. ಮೂರನೆಯ ಸಲ ಎಂಬುದು ಇರಲಿಲ್ಲ.

ಮಿದುಳು, ನರ ಎಂದರೆ ಅವಳಿಗೆ ಹುಚ್ಚು. ಅವಳ ತಾಯಿ ಮರೆವ್ವನ ಮುಖ ಒಂದು ದಿನ ಬೆಳಗಾಗುವುದರೊಳಗೆ ಸೊಟ್ಟಗಾದಾಗ, ಗಾಳಿ ಸೋಕಿದೆ ಎಂದು ಓಣಿಯವರು ಬೇವಿನ ಸೊಪ್ಪು ಹಿಡಿದು ಬಂದಿದ್ದರು. ಅದು ಗಾಳಿಯಲ್ಲ, ಮಿದುಳಿನಿಂದ ಹೊರಡುವ ಏಳನೆಯ ನರದ ಕೆಲಸ ಎಂದು ಅವಳಿಗೆ ಗೊತ್ತಾದದ್ದು ಕಾಲೇಜಿನ ಪುಸ್ತಕದಿಂದ. ಅವತ್ತಿನಿಂದ ನರಗಳ ಹೆಸರನ್ನು ಅವಳು ಮನೆಯವರ ಹೆಸರು ಹೇಳಿದಷ್ಟು ಸಲೀಸಾಗಿ ಹೇಳುತ್ತಿದ್ದಳು.

ಇನ್ನು ತ್ರ್ಯಂಬಕ. ಕಿತ್ತೂರ ಕಡೆಯ ದೇಗಾಂವದ ಹುಡುಗ, ವೈದಿಕರ ಮನೆತನ. ಅವನಿಗೂ ಡಾಕ್ಟರೇ ಆಗಬೇಕು. ಆದರೆ ಮೀನನ್ನು ಮುಟ್ಟುವವನಲ್ಲ. ಕೈ ಹಿಂದೆ ಕಟ್ಟಿಕೊಂಡು ಎರಡು ಮಾರು ದೂರ ನಿಂತು, "ನೀವ ಕೊಯ್ರಿ. ನಾ ಇಬ್ಬರ ರೆಕಾರ್ಡಿನೊಳಗೂ ಚಿತ್ರಾ ತಗದು ಕೊಡ್ತೀನಿ. ನಿಮ್ಮ ಕೈಗೆ ಛಲೋ ಒಗ್ಗೇದ" ಎನ್ನುತ್ತಿದ್ದ. ಕೆಟ್ಟ ಮನಸ್ಸಿನಿಂದ ಹೇಳುತ್ತಿರಲಿಲ್ಲ, ಅದೇ ಇನ್ನಷ್ಟು ಮೈ ಉರಿಸುತ್ತಿತ್ತು. ಅವಳ ಆ ಕೈ ಕಾಲೇಜಿಗೆ ಬರುವವರೆಗೆ ಬದನೆಕಾಯಿ ಹೆಚ್ಚುವ ಈಳಿಗೆ ಬಿಟ್ಟು ಬೇರೇನನ್ನೂ ಹಿಡಿದದ್ದಿಲ್ಲ. ಬಸಯ್ಯ ಸರ್ ಕೂಡ, "ಅಕಿಗೆ ಅದು ಹುಟ್ಟಿನಿಂದ ಬಂದೈತಿ" ಎಂದು ನಕ್ಕು ಮುಂದೆ ಹೋಗುತ್ತಿದ್ದರು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಇಲ್ಲಿ ಕೆಸರು ಇವಳ ಕೈಗೆ, ಮೊಸರು ಅವನ ಬಾಯಿಗೆ. ಅವನ ಪಾಲು ಬಿಡಿಸುವುದರಲ್ಲೇ ಅರ್ಧ ಹೊತ್ತು ಹೋಗಿ, ತನ್ನ ಪಾಲಿನ ನರಗಳು ಮಾಂಸದೊಳಗೇ ಉಳಿದಿದ್ದವು.

"ಪರೀಕ್ಷಾದಾಗ ಏನ್ ಮಾಡ್ತೀರಿ?" ಎಂದು ಅವಳು ಒಮ್ಮೆ ಕೇಳಿದಳು.

"ಆವಾಗಿಂದು ಆವಾಗ. ದೇವರು ದಾರಿ ತೋರಸ್ತಾನ."

ದೇವರಿಗೆ ಬೇರೆ ಕೆಲಸವಿಲ್ಲವೇ ಎಂದುಕೊಂಡು ಅವಳು ಹಲ್ಲು ಕಚ್ಚಿದಳು.

ಅಪ್ಪನದು ಬೇರೆಯೇ ಕಥೆ. ಶಂಕ್ರೆಪ್ಪ ಮಾಸ್ತರು ದೊಡವಾಡದಲ್ಲಿ ಸಾಲಿ ಕಲಿಸುತ್ತಿದ್ದರು. ಅವರ ಹುಟ್ಟೂರಿನಲ್ಲಿ ಸತ್ತ ದನ ಎಳೆಯುವುದು, ಸುಲಿಯುವುದು ಅವರ ಓಣಿಗೆ ಹಚ್ಚಿದ ಬಿಟ್ಟಿ ಚಾಕರಿ. ಬೌದ್ಧ ದೀಕ್ಷೆ ತೆಗೆದುಕೊಂಡ ವರ್ಷ, ಇನ್ನೂ ಹರೆಯದ ಶಂಕ್ರೆಪ್ಪ ಚಾವಡಿಯ ಮುಂದೆ ಕತ್ತಿ ಇಟ್ಟು, ಇನ್ನು ನಮ್ಮ ಮನೆಯವರು ಯಾರೂ ಸತ್ತದ್ದಕ್ಕೆ ಕೈ ಹಚ್ಚುವುದಿಲ್ಲ ಎಂದು ಹೇಳಿ ಬಂದಿದ್ದರು. ಅದಕ್ಕಾಗಿ ಆರು ತಿಂಗಳು ಬಾವಿ, ಅಂಗಡಿ, ಗಿರಣಿ ಎಲ್ಲವೂ ಅವರಿಗೆ ಬಂದ್ ಆಗಿದ್ದವು. ಇಂಥ ಅಪ್ಪನಿಗೆ ಸುಂದರವ್ವ, ತಾನು ಕಲಿಯುವುದೆಲ್ಲ ಚಿತ್ರ ನೋಡಿ ಎಂದು ಹೇಳಿದ್ದಳು. ದಿನಾ ಸಂಜೆ ಬಸ್ಸು ಹತ್ತುವ ಮುಂಚೆ ನಿಂಬೆಹಣ್ಣಿನಿಂದ ಕೈ ಉಜ್ಜಿಕೊಳ್ಳುತ್ತಿದ್ದಳು.

ಸುಳ್ಳು ಸವದತ್ತಿಯ ಬಸ್ ಸ್ಟ್ಯಾಂಡಿನಲ್ಲಿ ಒಡೆಯಿತು. ಹುಟ್ಟೂರಿನ ಕಾಡಪ್ಪ ಸಿಕ್ಕಿ, "ಏನ್ರೀ ಮಾಸ್ತರ, ಊರಾಗ ಬಿಟ್ಟ ಕೆಲಸಾ ಮಗಳು ಕಾಲೇಜಿನ್ಯಾಗ ಹಿಡದಾಳಂತಲ್ಲ. ನಮ್ಮ ಅಳಿಯ ಅಲ್ಲೇ ಜವಾನ ಅದಾನ, ದಿನಾ ನೋಡತಾನ" ಎಂದನಂತೆ.

ಮನೆಗೆ ಬಂದ ಮಾಸ್ತರು ಟೋಪಿಯನ್ನೂ ತೆಗೆಯಲಿಲ್ಲ. "ನಾಳಿಂದ ಆ ವಿಷಯ ಬ್ಯಾಡ. ಗಣಿತ ತಗೋ."

"ಗಣಿತ ತಗೊಂಡ್ರ ಡಾಕ್ಟರ್ ಆಗಾಕ ಬರೂದಿಲ್ಲಪ್ಪಾ."

"ಡಾಕ್ಟರ್ರು ಜೀವ ಇದ್ದವ್ರನ್ನ ನೋಡತಾರ."

"ಅದಕ್ಕಿಂತ ಮದಲ ಸತ್ತವ್ರನ್ನ ಕೊಯ್ದು ನೋಡತಾರ. ಮೆಡಿಕಲ್‌ದಾಗ ಹೆಣಾನ ಇಟ್ಟಿರತಾರ."

ಈ ಮಾತು ಆಡಬಾರದಿತ್ತು. ಮಾಸ್ತರು ಪೇನಾ ತೆಗೆದು, ಮಗಳ ಹೆಸರನ್ನು ಕಾಲೇಜಿನಿಂದ ತೆಗೆದುಹಾಕಬೇಕೆಂದು ಪ್ರಿನ್ಸಿಪಾಲರಿಗೆ ಅರ್ಜಿ ಬರೆಯಲು ಕೂತರು. ಪರೀಕ್ಷೆಗೆ ಹನ್ನೆರಡು ದಿನ ಉಳಿದಿತ್ತು. ಎತ್ತು ಏರಿಗೆ, ಕೋಣ ನೀರಿಗೆ. ನಡುವೆ ಸಿಕ್ಕವಳ ಗೋಳು ಕೇಳುವವರೇ ಇರಲಿಲ್ಲ. ಒಬ್ಬರು ಕೊಯ್ಯಿ ಎನ್ನುತ್ತಾರೆ, ಒಬ್ಬರು ಕೊಯ್ಯಬೇಡ ಎನ್ನುತ್ತಾರೆ, ಅವಳಿಗೇನು ಬೇಕೆಂದು ಒಬ್ಬರಾದರೂ ಕೇಳಿದರೇ?

ಮರುದಿನ ಮಧ್ಯಾಹ್ನ ಮಾಸ್ತರು ಅರ್ಜಿ ಹಿಡಿದು ನೇರ ಪ್ರಯೋಗಶಾಲೆಯ ಬಾಗಿಲಿಗೆ ಬಂದು ನಿಂತರು. ಸುಂದರವ್ವ ಮೀನಿನ ಬಲಭಾಗದ ಮೇಲೆ ಬಾಗಿದ್ದಳು. ತ್ರ್ಯಂಬಕ ದೂರದಿಂದ ಪೆನ್ಸಿಲ್ ಚಾಚಿ ತೋರಿಸುತ್ತಿದ್ದ. "ಇನ್ನೊಂಚೂರು ಈ ಕಡೆ. ಹಾಂ, ಅಲ್ಲೇ."

ಅಪ್ಪನನ್ನು ಕಂಡ ಸುಂದರವ್ವನ ಕೈ ನಿಂತಿತು. ಮುಗಿಯಿತು ಎಂದುಕೊಂಡಳು.

ಮಾಸ್ತರು ಹತ್ತಿರ ಬಂದು ಮೀನನ್ನು ನೋಡಿದರು, ಆಮೇಲೆ ಪೆನ್ಸಿಲನ್ನು ನೋಡಿದರು. "ಇದು ಯಾರ ಪಾಲಿಂದು?"

"ನಂದ್ರೀ" ಎಂದ ತ್ರ್ಯಂಬಕ.

"ಮತ್ತ ಅಕಿ ಯಾಕ ಕೊಯ್ಯಾಕ ಹತ್ಯಾಳ?"

"ನಮಗ ರೂಢಿ ಇಲ್ರೀ. ಅವರಿಗಾದ್ರ..." ಎಂದವನು ಅಲ್ಲಿಗೇ ನಿಲ್ಲಿಸಿದ. ಉಳಿದ ಮೇಜುಗಳವರೂ ತಲೆ ಎತ್ತಿದ್ದರು.

ಮಾಸ್ತರು ಕೈಯಲ್ಲಿದ್ದ ಅರ್ಜಿಯನ್ನು ಮಡಚಿ ಜೇಬಿಗಿಟ್ಟರು. ಆಮೇಲೆ ಮಗಳ ಕೈಯಿಂದ ಸಣ್ಣ ಕತ್ತಿಯನ್ನು ತೆಗೆದುಕೊಂಡು ತ್ರ್ಯಂಬಕನ ಮುಂದೆ ಹಿಡಿದರು. "ತಗೋ ತಮ್ಮಾ. ನಿಂದು ನೀ ಕೊಯ್ಯಿ."

ಬಸಯ್ಯ ಸರ್ ಏನೋ ಹೇಳಲು ಮುಂದೆ ಬಂದರು. ಮಾಸ್ತರು ಅವರತ್ತ ತಿರುಗಿದರು. "ನಾನೂ ಮಾಸ್ತರ ಅದೀನ್ರಿ ಸರ. ಒಬ್ಬನ ಗಣಿತಾ ಇನ್ನೊಬ್ಬ ಮಾಡಿದ್ರ ನಾ ಇಬ್ಬರಿಗೂ ಸೊನ್ನಿ ಹಾಕತೇನಿ."

ತ್ರ್ಯಂಬಕ ಕತ್ತಿ ಹಿಡಿದ. ಮುಟ್ಟಿದ ಮೊದಲ ನರವೇ ಹರಿಯಿತು. ಅವನು ಅಳುವವನಂತೆ ಸುಂದರವ್ವನತ್ತ ನೋಡಿದ.

"ನನ್ನವೂ ಮದಲ ಹರದಿದ್ವು" ಎಂದಳು ಅವಳು. "ಕತ್ತಿ ಮೊಂಡ ಬದಿಯಿಂದ ಮಾಂಸ ಸರಸ್ರಿ."

ಮಾಸ್ತರು ಸ್ಟೂಲು ಎಳೆದು ಮಗಳ ಪಕ್ಕ ಕೂತರು. "ಕೊಯ್ಯೂದು ಹೊಲಸ ಅಂತ ನಾ ಅವತ್ತ ಕತ್ತಿ ಇಡಲಿಲ್ಲವ್ವ. ಮಂದಿ ಪಾಲಿಂದು ನಾವ ಕೊಯ್ದು ಕೊಯ್ದು ಸಾಕಾಗಿತ್ತು" ಎಂದರು. ಇಷ್ಟು ಮಾತನ್ನು ನಿನ್ನೆ ಮನೆಯಲ್ಲೇ ಹೇಳಿದ್ದರೆ ಅಪ್ಪನ ಗಂಟೇನು ಹೋಗುತ್ತಿತ್ತು ಎಂದು ಅವಳಿಗೆ ಸಿಟ್ಟು ಬಂತು, ಕಣ್ಣಲ್ಲಿ ನೀರೂ ಬಂತು. ಅವಳು ಇನ್ನೊಂದು ಕತ್ತಿ ತೆಗೆದುಕೊಂಡು ಮೀನಿನ ಎಡಬದಿಗೆ ಹೋದಳು.

"ಸಾವಕಾಶ ಕೊಯ್ಯಿ" ಎಂದರು ಮಾಸ್ತರು. "ಅದು ನಿನ್ನ ಪಾಲಿಂದು."