ಅಂಗಾಲಿನ ಉರಿ

"ಹಂಗ್ ಹಿಡೀಬ್ಯಾಡ್ರಪ್ಪಾ! ಹೆಬ್ಬೆಟ್ಟಿನ ಬುಡಕ್ಕೆ ಕೈ ಹಾಕ್‌ಬ್ಯಾಡ್ರಿ. ಅಕ್ಕಂಗೆ ಅಲ್ಲಿ ಮುಟ್ಟುದ್ರೆ ಜೀವ ಹೋಗ್ತೈತೆ!"

ಮೀನಾಕ್ಷಮ್ಮನ ಕಾಲು ಮಡಿಸಿ ಪದ್ಮಾಸನಕ್ಕೆ ಕೂರಿಸುತ್ತಿದ್ದವರು ಥಟ್ಟನೆ ಕೈ ಹಿಂದಕ್ಕೆಳೆದುಕೊಂಡರು. ಜೀವ ಬೆಳಗಿನ ಜಾವವೇ ಹೋಗಿತ್ತು. ವಿಭೂತಿ ಹಚ್ಚುತ್ತಿದ್ದ ಮಠದ ಅಯ್ಯನವರ ಬೆರಳು ಹಣೆಯ ಮೇಲೇ ನಿಂತಿತು. ಪಡಸಾಲೆಯ ಹೆಂಗಸರು ಅಳು ನುಂಗಿ ಬಾಗಿಲ ಕಡೆ ತಿರುಗಿದರು.

ಬಾಗಿಲಲ್ಲಿ ಗಿರಿಜಾಂಬಿಕಾ ನಿಂತಿದ್ದಳು. ಸತ್ತವಳ ವಾರಗಿತ್ತಿ. ಅಣ್ಣತಮ್ಮಂದಿರು ತೆಂಗಿನ ತೋಟ ಪಾಲು ಮಾಡಿಕೊಂಡು, ಬೋರ್‌ವೆಲ್ ನೀರಿಗಾಗಿ ಕೈಕೈ ಮಿಲಾಯಿಸಿದ ಮೇಲೆ ಈ ಹೊಸಿಲು ತುಳಿಯದವಳು. ಎರಡು ಮನೆಗಳ ನಡುವೆ ಮಾತಿರಲಿ, ಮೊಸರಿನ ಹೆಪ್ಪೂ ದಾಟಿರಲಿಲ್ಲ. ಅವಳ ಗಂಡ ರೇಣುಕಪ್ರಸಾದ್ ಈಗಲೂ ಗೇಟಿನಾಚೆ ಹಲಸಿನ ಮರಕ್ಕೊರಗಿ ನಿಂತಿದ್ದ. ಅತ್ತಿಗೆಯ ಮುಖ ನೋಡಬೇಕೆಂದು ಅಲ್ಲಿಯವರೆಗೆ ಬಂದವನಿಗೆ ಒಳಗೆ ಕಾಲಿಡಲು ಮನಸ್ಸು ಬಂದಿರಲಿಲ್ಲ.

"ಇವಳಿಗೆಂಗೆ ಗೊತ್ತು ಇವರ ಕಾಲಿನ್ ಸಮಾಚಾರ?" ಪಕ್ಕದ ತೋಟದ ಚಿಕ್ಕಗೌರಮ್ಮ ಪಿಸುಗುಟ್ಟಿದಳು.

ಗಿರಿಜಾಂಬಿಕಾಗೆ ಅದು ಕೇಳಿಸಲಿಲ್ಲ. ಜನರನ್ನು ಸರಿಸಿ ಬಂದು ನೆಲದಲ್ಲಿ ಕೂತು, ಮೀನಾಕ್ಷಮ್ಮನ ಬಲಗಾಲನ್ನು ಹಿಮ್ಮಡಿಯಿಂದ ಎತ್ತಿ ತನ್ನ ಅಂಗೈ ಮೇಲಿಟ್ಟುಕೊಂಡಳು. ತಣ್ಣಗಿತ್ತು. ಇಷ್ಟು ದಿನ ತಾನು ಒದ್ದೆ ಬಟ್ಟೆ ಸುತ್ತಿ, ಗಾಳಿ ಬೀಸಿ, ಇಷ್ಟು ತಣ್ಣಗಾಗಲಿ ಶಿವನೇ ಎಂದು ಬೇಡಿಕೊಂಡ ಕಾಲು ಇದೇ.

ಮೊಣಕಾಲ ಹಿಂದೆ ಒಂದು ಕೈ, ಹಿಮ್ಮಡಿಯಲ್ಲಿ ಒಂದು ಕೈ ಕೊಟ್ಟು, ಹಸುಗೂಸನ್ನು ಮಲಗಿಸುವ ಹಾಗೆ ಅವಳು ಆ ಕಾಲನ್ನು ಮಡಿಸಿದಳು. ಆಮೇಲೆ ಇನ್ನೊಂದನ್ನು.

ಗೋಡೆಗೆ ಆತುಕೊಂಡು ಕೂತಿದ್ದ ತೋಂಟದಾರ್ಯ ಹೆಂಡತಿಯ ಪಾದವನ್ನೇ ನೋಡುತ್ತಿದ್ದ.

"ಹೆಬ್ಬೆಟ್ಟಿನ ಬುಡದಾಗೆ ನೋವಿತ್ತಾ ಇವಳಿಗೆ?" ಎಂದ. "ಕಾಲುರಿ ಕಾಲುರಿ ಅಂತಿದ್ಲು. ಗಾಯ ಇಲ್ಲ, ಊತ ಇಲ್ಲ, ಸುಮ್ನೆ ಅಂತಾಳೆ ಅನ್ಕಂಡಿದ್ದೆ. ಎಲ್ಲಿ ಅಂತ ಒಂದಿನಾನೂ ಹೇಳ್ಲಿಲ್ಲ."

"ನೀವು ಕೇಳಿದ್ರಾ ಭಾವ?"

ಸಿಟ್ಟಿನಿಂದ ಕೇಳಿದ್ದಲ್ಲ. ಆದರೆ ಅಷ್ಟು ವರ್ಷಗಳ ಮೇಲೆ ಅವಳು ಭಾವನೊಡನೆ ಆಡಿದ ಮೊದಲ ಮಾತು ಅದು.

*

ಹಿಂದೊಂದು ದಿನ ತಿಪಟೂರಿನ ಸಕ್ಕರೆ ಕಾಯಿಲೆ ಡಾಕ್ಟರ ಕೋಣೆಯಲ್ಲಿ ಗಿರಿಜಾಂಬಿಕಾ ಕಣ್ಣು ಮುಚ್ಚಿ ಮಲಗಿದ್ದಳು. ಡಾಕ್ಟರು ನೈಲಾನ್ ಎಳೆಯೊಂದನ್ನು ಅಂಗಾಲಿಗೆ ಮುಟ್ಟಿಸುತ್ತ, ಗೊತ್ತಾದಾಗ ಹೇಳಿ ಎಂದಿದ್ದರು. ಅವಳು ಕಾದೇ ಕಾದಳು.

"ಯಾವಾಗ ಮುಟ್ಟುಸ್ತೀರಾ ಡಾಕ್ಟ್ರೇ?"

"ಎಲ್ಲಾ ಕಡೆ ಮುಟ್ಟಿಸಿ ಆಯ್ತು ಕಣಮ್ಮ."

ಹೊರಗೆ ಬಂದು ಕಲ್ಲಾಗಿ ನಿಂತಳು. ಬೆಂಚಿನ ಮೇಲೆ ಮೀನಾಕ್ಷಮ್ಮ ಕೂತಿದ್ದಳು. ಚಪ್ಪಲಿ ಕಳಚಿ ಎರಡೂ ಪಾದಗಳನ್ನು ತಣ್ಣನೆಯ ಮೊಸಾಯಿಕ್ ನೆಲಕ್ಕೆ ಒತ್ತಿಕೊಂಡಿದ್ದಳು. ಇಬ್ಬರೂ ಮುಖ ತಿರುಗಿಸಬೇಕಿತ್ತು. ಮೀನಾಕ್ಷಮ್ಮ ತಿರುಗಿಸಲಿಲ್ಲ.

"ನಿಂಗೂ ಬಂತೇನೇ ಗಿರಿಜಾ?"

ಆ ಒಂದು ಮಾತಿಗೆ ಗಿರಿಜಾಂಬಿಕಾ ಆಸ್ಪತ್ರೆಯೆಂಬುದನ್ನೂ ಮರೆತು ಅತ್ತುಬಿಟ್ಟಳು.

ಕಾಯಿಲೆ ಒಂದೇ ಆದರೂ ಕಾಟ ಬೇರೆ. ಮೀನಾಕ್ಷಮ್ಮನ ಕಾಲಿಗೆ ಕೆಂಡದ ಉರಿ. ಹೊದಿಕೆಯ ಅಂಚು ತಾಗಿದರೂ ಚೀರುವಂತಾಗುತ್ತಿತ್ತು. ಗಿರಿಜಾಂಬಿಕಾಗೆ ಹತ್ತಿಯ ಮೇಲೆ ನಡೆದ ಹಾಗೆ, ಏನು ತುಳಿದರೂ ತಿಳಿಯದು. ಸಕ್ಕರೆ ಹಿಡಿತದಲ್ಲಿರಬೇಕು, ಮಾತ್ರೆ ತಪ್ಪಿಸಬಾರದು, ಬಿಸಿನೀರಲ್ಲಿ ಕಾಲಿಡಬಾರದು, ಬರಿಗಾಲಲ್ಲಿ ನಡೆಯಬಾರದು, ದಿನಾ ಅಂಗಾಲು ನೋಡಿಕೊಳ್ಳಬೇಕು ಎಂದು ಡಾಕ್ಟರು ಇಬ್ಬರಿಗೂ ಹೇಳಿದ್ದರು.

"ನಮ್ಮ ಅಂಗಾಲು ನಮಗೆಲ್ಲಿ ಕಾಣ್ತೈತೆ? ಮಂಡಿ ಬಗ್ಗಲ್ಲ, ಕಣ್ಣು ಮಂಜು," ಎಂದಿದ್ದಳು ಮೀನಾಕ್ಷಮ್ಮ ಬಸ್ಸಿನಲ್ಲಿ. "ನಿಂದು ನಾನು ನೋಡ್ತೀನಿ. ನಂದು ನೀನು ನೋಡು. ಗಂಡಸರು ಬೇಕಾದ್ರೆ ಕಿತ್ತಾಡ್ಕಳ್ಳಿ ಬುಡು."

ಅಂದಿನಿಂದ ಮಧ್ಯಾಹ್ನ ಗಂಡಸರು ಉಂಡು ಅಡ್ಡಾದ ಮೇಲೆ ಇಬ್ಬರೂ ತೋಟದ ಗಡಿಯಲ್ಲಿ, ಕಾಯಿ ಮಟ್ಟೆಯ ರಾಶಿಯ ಮರೆಗೆ ಬರುತ್ತಿದ್ದರು. ಬದುವಿನ ಈಚೆಗೆ ಒಬ್ಬಳು, ಆಚೆಗೆ ಒಬ್ಬಳು. ಅವರವರ ಜಮೀನಿನಲ್ಲಿ ಅವರವರು ಕೂತು ಕಾಲು ಮಾತ್ರ ಬದುವಿನ ಮೇಲೆ ಚಾಚುತ್ತಿದ್ದರು. ಗಿರಿಜಾಂಬಿಕಾಳ ಅಂಗಾಲನ್ನು ಮೀನಾಕ್ಷಮ್ಮ ಬಿಸಿಲಿಗೆ ತಿರುಗಿಸಿ, ಅಕ್ಕಿ ಆರಿಸುವವಳಂತೆ ನೋಡುತ್ತಿದ್ದಳು. ಒಂದು ಸಲ ಮುರಿದ ಸೂಜಿಯ ತುಂಡೇ ಸಿಕ್ಕಿತ್ತು. ಮೀನಾಕ್ಷಮ್ಮನ ಪಾದಕ್ಕೆ ಗಿರಿಜಾಂಬಿಕಾ ಒದ್ದೆ ಬಟ್ಟೆ ಹೊದಿಸಿ, ಆಮೇಲೆ ಒಂದು ತೊಟ್ಟು ಕೊಬ್ಬರಿ ಎಣ್ಣೆ ಅಂಗೈಗೆ ಸವರಿಕೊಂಡು, ಹೆಬ್ಬೆಟ್ಟಿನ ಬುಡ ಬಿಟ್ಟು, ಒತ್ತದೆ ಉಜ್ಜದೆ ಬರೀ ನೇವರಿಸುತ್ತಿದ್ದಳು. ಎಷ್ಟೋ ಹೊತ್ತಿನ ಮೇಲೆ ಮೀನಾಕ್ಷಮ್ಮನ ಬಿಗಿದ ದವಡೆ ಸಡಿಲವಾಗುತ್ತಿತ್ತು.

"ಮಾತ್ರೆ ಅರ್ಧ, ನಿನ್ ಕೈ ಅರ್ಧ ಕಣೇ," ಎನ್ನುತ್ತಿದ್ದಳು.

*

ಹೊರಗೆ ಶವ ಕೂರಿಸಿ ಹೊರುವ ವಿಮಾನಕ್ಕೆ ಬಾಳೆದಿಂಡು ಕಟ್ಟುತ್ತಿದ್ದರು. ಮಗ ದಯಾನಂದ್, ಹೆಂಡತಿ ಶಿಲ್ಪಳ ಜೊತೆ ನಿಂತು, ಬಂದವರಿಗೆಲ್ಲ ಹೇಳಿದ್ದನ್ನೇ ಹೇಳುತ್ತಿದ್ದ. ಹೇಳಿದಷ್ಟೂ ಅವನಿಗೇ ನಂಬಿಕೆ ಬರುತ್ತಿರಲಿಲ್ಲ.

"ಶಿಲ್ಪ ಕಾಫಿ ತಗಂಡ್ ಹೋಗಿ ಎಬ್ಬಿಸಿದ್ರೆ ಇಲ್ಲ. ಹಾರ್ಟ್ ಅಟ್ಯಾಕ್ ಅಂತಾರೆ ಡಾಕ್ಟ್ರು. ನಿನ್ನೇನೇ ಶುರುವಾಗಿರ್ಬೇಕು ಅಂದ್ರು."

"ನಿನ್ನೇನಾ? ಎದೆನೋವು ಅನ್ಲಿಲ್ವೇನಪ್ಪ?"

"ಶುಗರ್ ಹಳೇದಾದ್ರೆ ನರ ಕೆಟ್ಟೋಗಿರ್ತಾವಂತೆ. ಕೆಲವರಿಗೆ ಎದೆ ನೋವೇ ಗೊತ್ತಾಗಲ್ವಂತೆ. ಬರೀ ಬೆವರು, ಸುಸ್ತು. ಅಷ್ಟೇ ಅಂತೆ."

ಬಿಲ್ವಪತ್ರೆ ಜೋಡಿಸುತ್ತಿದ್ದ ಗಿರಿಜಾಂಬಿಕಾಳ ಕೈಯಿಂದ ತಟ್ಟೆ ಜಾರಿತು.

*

ನಿನ್ನೆ ಮೀನಾಕ್ಷಮ್ಮ ಬದುವಿಗೆ ತಡವಾಗಿ ಬಂದಿದ್ದಳು. ರವಿಕೆ ಬೆನ್ನಿಗಂಟಿತ್ತು.

"ಏನಕ್ಕಾ ಇಷ್ಟೊಂದ್ ಬೆವರು?"

"ಸುಸ್ತು ಕಣೇ. ಸಕ್ಕರೆ ಇಳ್ದೈತೇನೋ."

ಗಿರಿಜಾಂಬಿಕಾ ಸೆರಗಿನ ಗಂಟಿನಿಂದ ಬೆಲ್ಲದ ಚೂರು ತೆಗೆದು ಅವಳ ಬಾಯಿಗಿಟ್ಟಳು. ಸ್ವಲ್ಪ ಹೊತ್ತು ಸುಧಾರಿಸಿಕೊಂಡಂತೆ ಕಂಡಿತು.

"ಎಲ್ಲಾದ್ರೂ ನೋವೈತಾ?"

"ನೋವೇನಿಲ್ಲ." ಮೀನಾಕ್ಷಮ್ಮ ತನ್ನ ಪಾದಗಳನ್ನೇ ಬೆರಗಿನಿಂದ ನೋಡಿದ್ದಳು. "ಇವತ್ ಕಾಲೂ ಉರೀತಿಲ್ಲ ನೋಡೇ. ನಿನ್ ಕೈಗುಣ."

ಗಿರಿಜಾಂಬಿಕಾಗೆ ಹಿಗ್ಗೋ ಹಿಗ್ಗು. ಮನೆಗೆ ಹೋಗಿ ದೇವರಿಗೆ ತುಪ್ಪದ ದೀಪ ಹಚ್ಚಿದ್ದಳು.

*

ತೋಟದ ಮೂಲೆಯಲ್ಲಿ ಮಣ್ಣು ಮುಚ್ಚುವಾಗ ಅವಳು ಎಲ್ಲರಿಗಿಂತ ಮುಂದೆ ನಿಂತಿದ್ದಳು. ಸುದ್ದಿ ಕೇಳಿ ಓಡಿಬಂದ ಕಾಲಿಗೆ ಚಪ್ಪಲಿ ಇರಲಿಲ್ಲ. ಕಡಿದ ಪೊದೆ, ಒಣಗಿದ ಗರಿ, ಕಲ್ಲುಮಣ್ಣು ಎಲ್ಲವನ್ನೂ ತುಳಿದುಕೊಂಡು ಹೋಗಿ ಒಂದು ಹಿಡಿ ಮಣ್ಣು ಹಾಕಿದಳು. ಬಾಯಲ್ಲಿ ಒಂದೇ ಮಾತು ತಿರುಗುತ್ತಿತ್ತು. "ಬೆಲ್ಲ ಕೊಟ್ನಲ್ಲ. ಬೆಲ್ಲ ಕೊಟ್ಟು ಕಳ್ಸಿದ್ನಲ್ಲ."

"ಯಾವ್ ಬೆಲ್ಲ ಚಿಕ್ಕತ್ತೆ?" ಎಂದು ಶಿಲ್ಪ ಕೇಳಿದಳು. ಗಿರಿಜಾಂಬಿಕಾ ಇನ್ನೊಂದು ಹಿಡಿ ಮಣ್ಣು ಎತ್ತಿಕೊಂಡಳು.

ಮಣ್ಣಾದ ಮೇಲೆ ಎಲ್ಲರೂ ಮನೆಗೆ ಮರಳಿದರು. ಮೀನಾಕ್ಷಮ್ಮ ಪ್ರಾಣ ಬಿಟ್ಟ ಜಾಗದಲ್ಲಿ ದೀಪ ಹಚ್ಚಿಟ್ಟಿದ್ದರು. ಒಬ್ಬೊಬ್ಬರೇ ಅಂಗಳದ ತೊಟ್ಟಿಯಲ್ಲಿ ಕಾಲು ತೊಳೆದು, ಒಳಹೋಗಿ ದೀಪ ನೋಡಿ ಬರುತ್ತಿದ್ದರು. ಗಿರಿಜಾಂಬಿಕಾಳೂ ಕಾಲಿಗೆ ಒಂದು ಚೊಂಬು ನೀರು ಸುರಿದುಕೊಂಡು ಹೊಸಿಲು ದಾಟಿದಳು.

"ಏ ನಿಂತ್ಕಳೇ!"

ಗೇಟಿನಿಂದ ರೇಣುಕಪ್ರಸಾದ್ ಕೂಗಿದ. ಅವಳು ತಿರುಗಿದಳು. ಗಂಡ ತನ್ನ ಮುಖ ನೋಡುತ್ತಿಲ್ಲ, ನೆಲ ನೋಡುತ್ತಿದ್ದಾನೆ. ಜಗಲಿಯ ಮೇಲೆ, ಹೊಸಿಲಿನಾಚೆ, ಆಗಷ್ಟೇ ಒರೆಸಿದ್ದ ಪಡಸಾಲೆಯ ನೆಲದಲ್ಲಿ ಅವಳ ಎಡಗಾಲು ಊರಿದ ಕಡೆಯೆಲ್ಲ ಕೆಂಪು ಮುದ್ರೆ ಬಿದ್ದಿತ್ತು. ಒಂದು ಕ್ಷಣ ಅವಳಿಗೆ ಅದು ಯಾರದೋ ಕುಂಕುಮ ಚೆಲ್ಲಿದ ಹಾಗೆ ಕಂಡಿತು.

ರೇಣುಕಪ್ರಸಾದ್ ಗೇಟು ತಳ್ಳಿದ. ಅಂಗಳ ದಾಟಿದ. ಅಣ್ಣನ ಮನೆಯ ಹೊಸಿಲನ್ನು ದಾಟಿದ್ದು ಅವನ ಗಮನಕ್ಕೂ ಬರಲಿಲ್ಲ.

"ಕೂತ್ಕ. ಇಲ್ಲೇ ಕೂತ್ಕ." ಅವಳನ್ನು ಕೂರಿಸಿ, ತಾನೂ ನೆಲಕ್ಕೆ ಕುಸಿದು, ಅವಳ ಪಾದ ಎತ್ತಿ ಮಡಿಲಿಗಿಟ್ಟುಕೊಂಡ. "ಇಷ್ಟುದ್ದ ಜಾಲಿ ಮುಳ್ಳು ಮುರ್ಕಂಡೈತಲ್ಲೇ! ತಿಳೀಲಿಲ್ವಾ ನಿಂಗೆ?"

"ಇಲ್ಲ," ಎಂದಳು. "ಅಕ್ಕ ನೋಡ್ತಿದ್ಲು."

"ಯಾವಕ್ಕ?"

ಅವಳು ದೀಪದ ಕಡೆ ನೋಡಿದಳು. ರೇಣುಕಪ್ರಸಾದನ ಕೈ ಹಾಗೆಯೇ ನಿಂತಿತು. ಒಂದು ಮುಳ್ಳನ್ನು ಹೇಗೆ ಹಿಡಿಯಬೇಕೆಂಬುದೇ ಅವನಿಗೆ ಮರೆತುಹೋದಂತಿತ್ತು.

ಹಿಂದಿನಿಂದ ಯಾರೋ ಬಗ್ಗಿದರು. ಅಂಗಾಲಿನ ಮೇಲೆ ಮೊಬೈಲಿನ ಟಾರ್ಚ್ ಬೆಳಕು ಬಿತ್ತು. ಹಿಡಿದಿದ್ದವನು ತೋಂಟದಾರ್ಯ.

"ಸ್ವಲ್ಪ ಈ ಕಡೀಕೆ ಹಿಡಿ," ಎಂದ ರೇಣುಕಪ್ರಸಾದ್, ತಲೆ ಎತ್ತದೆ.

ತೋಂಟದಾರ್ಯ ಹಿಡಿದ. ರೇಣುಕಪ್ರಸಾದ್ ಉಸಿರು ಬಿಗಿಹಿಡಿದು ಮುಳ್ಳನ್ನು ಎಳೆಯತೊಡಗಿದ. ಇಬ್ಬರ ಮುಖವೂ ಹಿಂಡಿಕೊಂಡಿತು, ಇಬ್ಬರೂ ಹಲ್ಲು ಕಚ್ಚಿಕೊಂಡರು. ಗಿರಿಜಾಂಬಿಕಾ ಅಲುಗದೆ ಕೂತು, ಮುಳ್ಳು ಎಷ್ಟು ಆಳಕ್ಕೆ ಹೋಗಿದೆ ಎಂಬುದನ್ನು ಆ ಎರಡು ಮುಖಗಳಲ್ಲಿ ನೋಡಿ ತಿಳಿದುಕೊಳ್ಳುತ್ತಿದ್ದಳು.